ಮುಚ್ಚಳದ ಮೇಲಿನ ಗುರುತು

ಮನೆಯಿಂದ ಹೊರಟ ನನ್ನ ನಾದಿನಿ ನಾಲ್ಕನೆಯ ಮೆಟ್ಟಿಲಿನಿಂದ ಹಿಂದಿರುಗಿ ಬಾರದ ದಿನವಿಲ್ಲ. ಮರೆವಿನಿಂದಲ್ಲ, ಬೀಗ ಹಾಕಿದ್ದು ಚೆನ್ನಾಗಿ ನೆನಪಿದ್ದರೂ, ಎಳೆದು ನೋಡುವವರೆಗೆ ಅದು ಅವಳ ಪಾಲಿಗೆ ಸತ್ಯವಾಗದು. “ಇನ್ನೊಂದ್ಸಲ ನೋಡ್ಬಿಡ್ತೀನಿ ಅತ್ತಿಗೆ” ಎನ್ನುವುದು ನಿತ್ಯಮಂತ್ರ, ಬಿ.ಎಸ್ಸಿ. ಕೊನೆಯ ವರ್ಷದ ಗೆಳತಿಯರು ಇಟ್ಟ ಅಡ್ಡಹೆಸರೇ ‘ಇನ್ನೊಂದ್ಸಲ’. ಹಿರಿಯಳೊಬ್ಬಳಿಂದ ಬಂದ ಬಿಳಿ ಕೋಟು ಮೊಣಕಾಲು ದಾಟುತ್ತದೆ, ಜೇಬಿನಲ್ಲಿ ಮಾರ್ಕರ್ ಸೋರಿದ ನೀಲಿ ಕಲೆ.

ವಿಜ್ಞಾನ ವಿಭಾಗಗಳೆಲ್ಲ ಸೇರಿ ನಡೆಸುವ ವಿದ್ಯಾರ್ಥಿ ಸಂಶೋಧನಾ ಪ್ರದರ್ಶನಕ್ಕೆ ಅವಳು ಆರಿಸಿಕೊಂಡ ವಿಷಯ, ಸೋಪಿನ ನೀರು ಸಾಸಿವೆಯ ಮೊಳಕೆಯನ್ನು ಎಷ್ಟು ತಡೆಯುತ್ತದೆ ಎಂಬುದು. ಗೆದ್ದವರಿಗೆ ಬೇಸಿಗೆ ರಜೆಯಲ್ಲಿ ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ. ಅವಳಿಗೆ ಬೇಕಿದ್ದುದು ಅದೊಂದೇ. ಪ್ರಯೋಗವನ್ನು ಮೂರು ಸುತ್ತು ಮಾಡಲೇಬೇಕು. ಕಾಲೇಜು ರಜೆಗೆ ಮುಚ್ಚಿದ್ದರಿಂದ ಕೊನೆಯ ಸುತ್ತಿನ ಹನ್ನೆರಡು ಗಾಜಿನ ತಟ್ಟೆಗಳು ನಮ್ಮ ಅಡುಗೆಮನೆಯ ಕಿಟಕಿಗೆ ಬಂದವು.

ನಾನೋ, ಮಗು ಸೀನಿದರೆ ಥರ್ಮಾಮೀಟರ್ ಹುಡುಕುವವಳು. ಮುಚ್ಚಳಗಳೊಳಗೆ ಹನಿಗಟ್ಟಿದ ತೇವವನ್ನು ಬೂಷ್ಟೆಂದು ಹೆದರಿ, ಎಲ್ಲವನ್ನೂ ತೆಗೆದು ಒರೆಸಿ, ಕೈಗೆ ಸಿಕ್ಕಂತೆ ಒಪ್ಪವಾಗಿ ಮುಚ್ಚಿಟ್ಟೆ. ಯಾವ ತಟ್ಟೆಗೆ ಎಷ್ಟು ಸೋಪೆಂಬ ಗುರುತು ಇದ್ದದ್ದು ಮುಚ್ಚಳಗಳ ಮೇಲೆ ಮಾತ್ರ.

ಸಂಜೆ ಗೆಳತಿಯ ಮನೆಯಿಂದ ಬಂದವಳು ನೋಡಿ ಕುರ್ಚಿಯಲ್ಲಿ ಕುಸಿದಳು.

“ಒರೆಸ್ದೆ ಅಷ್ಟೇ ಕಣೇ,” ಎಂದೆ. “ಮೊಳಕೆ ನೋಡಿದ್ರೆ ಯಾವುದು ಯಾವುದು ಅಂತ ಗೊತ್ತಾಗಲ್ವಾ?”

“ಗಿಡ್ಡ ಇದ್ರೆ ಸೋಪು ಜಾಸ್ತಿ ಅಂತ ನಾನೇ ಹೆಸರಿಟ್ಟು, ಆಮೇಲೆ ಸೋಪು ಜಾಸ್ತಿ ಆದ್ರೆ ಗಿಡ್ಡ ಆಗುತ್ತೆ ಅಂತ ಬರೀಲಾ? ಅಷ್ಟಕ್ಕೆ ಸಾಸಿವೆ ಯಾಕ್ಬೇಕಿತ್ತು ಅತ್ತಿಗೆ, ಪಾಪ, ಡಬ್ಬದಲ್ಲೇ ಸುಖವಾಗಿರ್ತಿತ್ತು.”

ಹೊಸದಾಗಿ ಬಿತ್ತಲು ದಿನಗಳುಳಿದಿರಲಿಲ್ಲ.

ಪ್ರದರ್ಶನಕ್ಕೆ ಮಗುವನ್ನೆತ್ತಿಕೊಂಡೇ ಹೋದೆ. ಅವಳ ಪಟ್ಟಿಯ ಮೂರನೆಯ ಸಾಲು ಖಾಲಿಯಿತ್ತು. ಕೆಳಗೆ ದುಂಡಕ್ಷರದಲ್ಲಿ: ‘ಗುರುತನ್ನು ಮುಚ್ಚಳಕ್ಕೆ ಮಾತ್ರ ಹಾಕಿದ ನನ್ನ ತಪ್ಪಿನಿಂದ ಈ ಸುತ್ತನ್ನು ಕೈಬಿಡಲಾಗಿದೆ.’

“ಅತ್ತಿಗೆ ತಪ್ಪು ಅಂತ ಬರೀಬೇಕಿತ್ತು,” ಎಂದೆ.

“ಮುಚ್ಚಳ ಇರೋದೇ ತೆಗೆಯೋಕೆ ಅತ್ತಿಗೆ. ತಟ್ಟೆಗೆ ಬರೀಬೇಕಾದೋಳು ನಾನು.”

ಬೇಸಿಗೆಯ ಕೆಲಸ ಪಕ್ಕದ ಮೇಜಿನ ಭೌತಶಾಸ್ತ್ರದ ಹುಡುಗಿಗೆ ಹೋಯಿತು. ಇವಳು ಅವಳ ಕೈಕುಲುಕಿ, ಅವಳ ಪ್ರಯೋಗದ ಲೋಲಕದ ತೂಗಾಟವನ್ನು ಎಷ್ಟು ಸಲ ಎಣಿಸಿದಳೆಂದು ವಿಚಾರಿಸಿ ಬಂದಳು. ಮನೆಗೆ ಬಂದವಳೇ ತಟ್ಟೆಗಳನ್ನು ತೊಳೆದು, ಬೋರಲು ಹಾಕಿ, ಒಂದೊಂದರ ತಳಕ್ಕೂ ಸಂಖ್ಯೆ ಬರೆದಳು. ಮೂಗೊರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತಿದ್ದೆ.

ಇಂಥವರಿದ್ದರೆ ಮನೆಯಲ್ಲಿ ಒಂದು ಕೆಲಸವೂ ಹೊತ್ತಿಗೆ ಮುಗಿಯುವುದಿಲ್ಲ, ನಿಜ. ಆದರೆ ಮಗುವಿನ ಹಣೆ ಮುಟ್ಟಿ ಅವಳು “ಜ್ವರ ಇಲ್ಲ” ಎಂದ ದಿನ ನಾನು ಥರ್ಮಾಮೀಟರ್ ಹುಡುಕುವುದಿಲ್ಲ. ತಾವು ಹಾಕಿದ ಬೀಗವನ್ನೇ ನಂಬದ ಈ ಜಾತಿಯವರು ಹಾಕಿಹೋದ ಬಾಗಿಲನ್ನು ಮತ್ತೊಬ್ಬರು ಎಳೆದು ನೋಡಬೇಕಾಗಿಲ್ಲ.