ಕೊರಡು ಕೈ, ಬೆಣ್ಣೆ ಕೈ

ಸಾಬಮ್ಮನ ಭುಜ ಮೂರನೆಯ ಸಲ ಜಾರಿದ್ದು ಬಾವಿಕಟ್ಟೆಯ ಮೇಲೆ. ಹಗ್ಗ ಜಗ್ಗುತ್ತಿದ್ದ ಹುಡುಗಿ ಒಮ್ಮೆಲೇ ಕೈಬಿಟ್ಟಳು. ಕೊಡ ಬಾವಿಗೆ ಬಿತ್ತು, ಹುಡುಗಿ ತೋಳು ಹಿಡಿದುಕೊಂಡು ಕಟ್ಟೆಗೆ ಒರಗಿ ಕೂತಳು. ಅಳಲಿಲ್ಲ. ಒಂಬತ್ತು ವರ್ಷದ ಹುಡುಗಿ ಹೀಗೆ ಅಳದೆ ಕೂತದ್ದಕ್ಕೇ ಕುರಕುಂಟಾ ಊರಿನ ಹೆಂಗಸರಿಗೆ ಅವಳು ನಾಟಕ ಮಾಡುತ್ತಿದ್ದಾಳೆ ಅನ್ನಿಸಿತು.

"ಮೊನ್ನಿ ಮೊಣಕಾಲ ಚಿಪ್ಪು, ಇವತ್ತ ಭುಜ. ಇದು ಹುಡ್ಗಿಯೋ, ಬಿಚ್ಚಿ ಕಟ್ಟೋ ಬಂಡಿಯೋ?" ಎಂದಳು ಪಕ್ಕದ ಮನೆಯ ಅನಸುಬಾಯಿ.

ಸುದ್ದಿ ತಿಳಿದು ಅಜ್ಜಿ ಮಾಳಮ್ಮ ಬಂದಳು. ಗಂಡ ನರಸಪ್ಪ ತೀರಿದ್ದು ಕನ್ನಡ ನಾಡು ಒಂದಾದ ವರ್ಷ. ಅಂದಿನಿಂದ ಹದಿನೆಂಟು ವರ್ಷ ಹೊಲ, ದನ, ಒಬ್ಬನೇ ಮಗ ಅಂಬಾರಾಯ, ಎಲ್ಲವನ್ನೂ ಒಬ್ಬಳೇ ನಡೆಸಿದವಳು. ಮೊಮ್ಮಗಳನ್ನು ಬಗಲಿಗೆ ಹಾಕಿಕೊಂಡು, ಎಲುಬು ಕೂಡಿಸುವ ಚಂದ್ರಾಮಪ್ಪನ ಮನೆಗೆ ನಡೆದಳು.

ಚಂದ್ರಾಮಪ್ಪ ಹುಡುಗಿಯ ಬಗಲಿಗೆ ಹಿಮ್ಮಡಿ ಒತ್ತಿ ಕೈ ಜಗ್ಗಿದ. ಭುಜ ತನ್ನ ಜಾಗಕ್ಕೆ ಹೋಗಿ ಕೂತಿತು. ಆದರೆ ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

"ಇಷ್ಟು ಸಲೀಸ ಕುಂಡ್ರಬಾರ್ದು ಮಾಳವ್ವ. ನಾ ಜಗ್ಗಿದಷ್ಟೂ ಜಾಗಾ ಅಗಲ ಆಗ್ಲಿಕತ್ತದ. ಇದು ನನ್ನ ಕೈ ಮೀರಿದ್ದು. ವಾಡಿಗಿ, ಡಾಕ್ಟರ್ ಕಡಿ ಒಯ್ಯಿ."

ಸೊಸೆ ದ್ರೌಪದಿ ಆರು ತಿಂಗಳ ಬಸುರಿ, ಅಂಬಾರಾಯನಿಗೆ ಬಿತ್ತನೆ. ಹಾಗಾಗಿ ಮಾಳಮ್ಮನೇ ಹುಡುಗಿಯನ್ನು ಕರೆದುಕೊಂಡು ರೈಲು ಹತ್ತಿ ವಾಡಿಗೆ ಹೋದಳು. ಸ್ಟೇಷನ್ನಿಗೆ ಹತ್ತಿರದಲ್ಲೇ ಒಬ್ಬ ಡಾಕ್ಟರರ ದವಾಖಾನೆ ಇತ್ತು. ಅವರು ಭುಜ ನೋಡುವ ಮೊದಲು ಹುಡುಗಿಯ ಹೆಬ್ಬೆರಳು ನೋಡಿದರು. ಹಿಂದಕ್ಕೆ ಒತ್ತಿದರೆ ಅದು ಮುಂಗೈಗೆ ಹೋಗಿ ಅಂಟಿಕೊಂಡಿತು. ಸಾಬಮ್ಮನಿಗೆ ಹುರುಪು ಬಂತು. ಶಾಲೆಯಲ್ಲಿ ಬೆಲ್ಲದ ಚೂರಿಗೆ ತೋರಿಸುವ ಆಟ ಅದು. ಕೇಳದೆಯೇ ಕಿರುಬೆರಳು ಹಿಂದಕ್ಕೆ ಮಡಚಿದಳು, ಮೊಣಕೈ ತಿರುಗುಮುರುಗು ಬಾಗಿಸಿದಳು, ಮಂಡಿ ಮಡಚದೆ ಎರಡೂ ಅಂಗೈ ನೆಲದ ಪರ್ಸಿ ಕಲ್ಲಿಗೆ ಊರಿದಳು.

"ಸಾಕವ್ವ, ಸಾಕು," ಎಂದರು ಡಾಕ್ಟರ್. "ಇದು ಆಟ ಅಲ್ಲ. ಇನ್ನ ಯಾರು ಬೆಲ್ಲ ಕೊಟ್ರೂ ತೋರಿಸಬ್ಯಾಡ."

ಆಮೇಲೆ ಮಾಳಮ್ಮನಿಗೆ ಬಿಡಿಸಿ ಹೇಳಿದರು. ಹುಡುಗಿಯ ಎಲುಬು ಗಟ್ಟಿಯೇ ಇವೆ. ಎಲುಬಿಗೆ ಎಲುಬು ಹಿಡಿದಿರುವ ನಾರುಗಳು ಮಾತ್ರ ಹುಟ್ಟಿನಿಂದಲೇ ಸಡಿಲ. ಅದಕ್ಕೇ ಕೀಲು ಜಾರುತ್ತವೆ, ಸಂಜೆಗೆ ಕಾಲು ನೋಯುತ್ತವೆ, ಬಳಪ ಹಿಡಿದರೆ ಬೆರಳು ಬಾಗಿ ಅಕ್ಷರ ಕೆಡುತ್ತದೆ. ಹುಡುಗಿ ಸೋಮಾರಿಯೂ ಅಲ್ಲ, ನಾಟಕದವಳೂ ಅಲ್ಲ.

"ಔಷಧ ಕೊಡ್ರಿ ಮತ್ತ."

"ನಾರು ಬಿಗಿ ಮಾಡೋ ಔಷಧ ಇಲ್ಲಮ್ಮ. ಸುತ್ತಿನ ಮಾಂಸ ಗಟ್ಟಿ ಮಾಡಬೇಕು. ನಾರು ಮಾಡೋ ಕೆಲಸ ಮಾಂಸ ಮಾಡ್ತದ."

ದಿನಾ ಎರಡು ಹೊತ್ತು ಗೋಡೆಗೆ ಅಂಗೈ ಊರಿ ಒತ್ತಬೇಕು. ಪಾದಕ್ಕೆ ಉಸುಕಿನ ಸಣ್ಣ ಚೀಲ ಕಟ್ಟಿ, ಕೂತಲ್ಲೇ ಕಾಲು ನೀಡಿ ಎತ್ತಬೇಕು. ಒಂದೇ ಕೈಯಲ್ಲಿ ಭಾರ ಎತ್ತಬಾರದು, ಯಾರೂ ಅವಳನ್ನು ಕೈ ಹಿಡಿದು ಜಗ್ಗಬಾರದು. ಬಳಪಕ್ಕೆ ಅರಿವೆ ಸುತ್ತಿ ದಪ್ಪ ಮಾಡಿಕೊಡಬೇಕು. ಮಾಳಮ್ಮ ಒಂದೊಂದನ್ನೂ ಬಾಯಲ್ಲಿ ಮತ್ತೆ ಅಂದುಕೊಂಡು ಮನಸ್ಸಿಗೆ ಹಾಕಿಕೊಂಡಳು.

ಡಾಕ್ಟರ್ ಕಾಗದ ತೆಗೆದುಕೊಂಡು ಕೇಳಿದರು, "ಇದು ಮನೆತನದಾಗ ಬರೋದು. ನಿಮ್ಮನ್ಯಾಗ ಯಾರಿಗದ?"

"ನಮ್ಮನ್ಯಾಗ ಇಲ್ರಿ. ಸೊಸಿ ನಾಲವಾರದಾಕಿ. ಆ ಕಡಿಯಿಂದ ಬಂದಿರಬೇಕು."

ಡಾಕ್ಟರ್ ಹಾಗೇ ಬರೆದುಕೊಂಡರು. ಮಾಳಮ್ಮ ಸುಳ್ಳು ಹೇಳಲಿಲ್ಲ. ಮನೆಗೆ ಬಂದ ಕೊರತೆ ಯಾವುದಿದ್ದರೂ ಸೊಸೆಯ ಜೊತೆ ಬಂದದ್ದೆಂದು ಅವಳು ನಂಬಿದ್ದಳು.

"ಮುಂದ ಹುಟ್ಟೋದಕ್ಕೂ ಬರ್ತದೇನ್ರಿ?"

"ಬರಬಹುದು, ಬರದನೂ ಇರಬಹುದು."

ವಾಡಿಯಿಂದ ಕುರಕುಂಟಾದವರೆಗೂ ಮಾಳಮ್ಮನ ತಲೆಯಲ್ಲಿ ಇದೊಂದೇ ಮಾತು ಸುತ್ತಿತು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತ ಮಗನಿಗೆ ಹೇಳಿದಳು, "ಏಳು ತಿಂಗಳಿಗಿ ಬಳಿ ಇಡಸಮ್. ಹೆರಿಗಿಗಿ ನಾಲವಾರಕ್ಕ ಹೋಗ್ಲಿ."

"ಹೋಗ್ಲಿ."

"ಹೋಗ್ಲಿ ಅಂದ್ರ ಹೋಗ್ಲಿ. ಕರೀಲಿಕ್ಕ ಹೋಗೋ ಗಡಿಬಿಡಿ ಏನದ? ಮುಂದಿಂದು ಮುಂದ ನೋಡಿದ್ರಾತು. ವಂಶ ಅನ್ನೋದೊಂದು ಅದಲ್ಲ."

ಅಂಬಾರಾಯ ತುತ್ತು ಹಿಡಿದು ಕೂತ. ಹೆರಿಗೆಗೆ ಹೋದವಳನ್ನು ಗಂಡನ ಮನೆಯವರು ಹೋಗಿ ಕರೆತರಬೇಕು, ಅವಳು ತಾನಾಗಿ ಬರುವ ಹಾಗಿಲ್ಲ. ಹೆಂಡತಿಯನ್ನು ಬಿಟ್ಟೆವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕರೆಯಲು ಹೋಗದಿದ್ದರೆ ಸಾಕು. ಒಳಗೆ ದ್ರೌಪದಿ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಬಳೆ ಇಡಿಸುವ ದಿನ ಅಲ್ಲಾವುದ್ದೀನ ಸೇಡಂನಿಂದ ಬಂದ. ನಲವತ್ತು ವರ್ಷದಿಂದ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಈ ಸೀಮೆಯ ಹಳ್ಳಿಗಳನ್ನು ತಿರುಗಿದವನು. ಮುಖ ನೋಡಿ ಹೆಸರು ಮರೆತಾನು, ಕೈ ಹಿಡಿದರೆ ಮರೆಯುವವನಲ್ಲ. ಪಡಸಾಲೆಯಲ್ಲಿ ಹೆಂಗಸರು ಕೂಡಿದರು. ವಿಧವೆ ಮುಂದೆ ಬರಬಾರದೆಂದು ಮಾಳಮ್ಮ ಅಡುಗೆಮನೆಯ ಬಾಗಿಲಲ್ಲಿ, ಬರಿಗೈ ಸೆರಗಿನೊಳಗಿಟ್ಟು ಕೂತಳು.

ಅಲ್ಲಾವುದ್ದೀನ ಸಬಕಾರದ ನೊರೆ ಹಚ್ಚಿ ದ್ರೌಪದಿಯ ಅಂಗೈ ಒತ್ತಿದ.

"ಕೈ ಸಡಿಲ ಬಿಡವ್ವ."

"ಬಿಟ್ಟೀನ್ರಿ ಕಾಕಾ."

"ಇದಕ್ಕ ಬಿಟ್ಟಿದ್ದು ಅಂತಾರ? ಇದು ಕೈಯೋ, ಶಹಾಬಾದ ಪರ್ಸಿಯೋ?"

ಹೆಂಗಸರು ನಕ್ಕರು. ಬಾಗಿಲಿನಿಂದ ಮಾಳಮ್ಮ ಅಂದಳು, "ಲಗ್ನದಾಗೇ ಹೇಳಿದ್ದೆ, ಕೊರಡು ಕೈ ಅಂತ. ಆವತ್ತ ಆರು ಬಳಿ ಚೂರಾದ್ವು."

ಹತ್ತು ವರ್ಷದಲ್ಲಿ ಈ ಮಾತನ್ನು ಅವಳು ಎಷ್ಟು ಸಲ ಅಂದಿದ್ದಳೋ. ರೊಟ್ಟಿ ಹರಿದರೂ ಕೊರಡು ಕೈ, ಹಾಲು ಚೆಲ್ಲಿದರೂ ಕೊರಡು ಕೈ. ದ್ರೌಪದಿ ತುಟಿ ಕಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿಕೊಂಡಳು.

"ನಂಗೂ ಕಾಕಾ," ಎಂದು ಸಾಬಮ್ಮ ಕೈ ಚಾಚಿದಳು.

ಅಲ್ಲಾವುದ್ದೀನ ಅವಳ ಕೈ ಹಿಡಿದು ಒತ್ತುವುದೇ ತಡ, ಅಂಗೈ ವೀಳ್ಯದೆಲೆಯ ಹಾಗೆ ಮಡಚಿಕೊಂಡಿತು. ಬಳೆ ನೊರೆಯಿಲ್ಲದೆ ಜಾರಿ ಮುಂಗೈಗೆ ಹೋಯಿತು. ಎರಡನೆಯ ಬಳೆ ಎತ್ತಿಕೊಂಡವನು ಹಾಗೇ ಕೈ ತಡೆದ.

"ಈ ಕೈ ನಾ ಹಿಡದೀನಿ."

"ಹೋದ ಯುಗಾದಿಗಿ ಹಿಡದಿದ್ದಿ."

"ಅದಲ್ಲ ಕೂಸೇ, ಅದಕ್ಕೂ ಭಾಳ ಮೊದಲು. ಆವತ್ತ ಎಳೀ ಕೈ, ಮೆತ್ತಗಿರ್ತದ ಅಂತ ಲಕ್ಷ್ಯ ಇಡಲಿಲ್ಲ." ಅವನು ತಲೆ ಎತ್ತದೆಯೇ ಬಾಗಿಲ ಕಡೆ ಮಾತಾಡಿದ. "ಸಿಟ್ಟು ಮಾಡಬ್ಯಾಡ್ರಿ ಮಾಳವ್ವ. ನಿಮ್ಮ ಲಗ್ನಕ್ಕ ಬಳಿ ಇಟ್ಟಾಂವ ನಾನೇ. ಅಬ್ಬಾನ ಜೋಡಿ ಬಂದಿದ್ದೆ, ಇನ್ನ ಮೀಸಿ ಬಂದಿರಲಿಲ್ಲ. ಎಲುಬು ನೋಡಿದ್ರ ಎರಡೂವರಿ ಅಳತಿ ಕೈ, ಎರಡೂಕಾಲಿನ ಬಳಿ ಹಾಡ್ಕೋತ ಹೋತು. ಇಂಥ ಕೈ ಮತ್ತ ಸಿಗಲ್ಲ ಬೇಟಾ, ನೋಡ್ಕೋ, ಅಂದಿದ್ದ ಅಬ್ಬಾ. ಇಲ್ಲಿ ಸಿಕ್ತು ನೋಡ್ರಿ ಮತ್ತ."

"ಮೊಮ್ಮಗಳಿಗಿ ಆಯಿ ಕೈ ಬಂದದ ಅನ್ನು!" ಎಂದಳು ಅನಸುಬಾಯಿ.

"ಮತ್ತ? ಈ ಪರ್ಸಿ ಕಲ್ಲಿಂದ ಬೆಣ್ಣಿ ಬರ್ತದೇನು?"

ಮತ್ತೆ ನಗು ಎದ್ದಿತು. ಅವನು ಹೊಗಳಿಕೆಯೆಂದೇ ಆಡಿದ್ದ, ಕೇಳಿದವರೂ ಹಾಗೇ ತಿಳಿದರು. ದ್ರೌಪದಿ ಮಾತ್ರ ನಗಲಿಲ್ಲ. ಬಾಗಿಲ ಕಡೆಗೂ ನೋಡದೆ ತನ್ನ ಬಳೆಗಳನ್ನೇ ನೋಡುತ್ತ ಕೂತಳು.

ನಾಲ್ಕನೆಯ ದಿನ ದ್ರೌಪದಿಯ ಅಣ್ಣ ಬಂದು ಕರೆದೊಯ್ದ. ಹೊಸ್ತಿಲಲ್ಲಿ ಅವಳು ಬಗ್ಗಿ, "ಬರ್ತೀನ್ರಿ ಅತ್ತಿ," ಅಂದಳು. ಹಿರಿಯರು "ಹೋಗಿ ಬಾ" ಅನ್ನಬೇಕು. ಮಾಳಮ್ಮ "ಹೂಂ" ಅಂದಳು.

ಬೆಣ್ಣೆ ಕೈಯ ಮಾತು ಮಾಳಮ್ಮನಿಗೆ ಹೊಸದಲ್ಲ. ಆ ಕೈ ಮೆಚ್ಚಿಯೇ ಅವಳನ್ನು ಈ ಮನೆಗೆ ತಂದಿದ್ದರು. ಗುಣವೆಂದು ತಿಳಿದದ್ದು ಕೊರತೆಯ ಲೆಕ್ಕಕ್ಕೆ ಎಂದೂ ಬಂದಿರಲಿಲ್ಲ. ಬೀಸುವಾಗ ಭುಜ ಕಳಚಿದಂತಾಗಿ ಗೋಡೆಗೆ ಗುದ್ದಿ ಸರಿ ಮಾಡಿಕೊಂಡದ್ದನ್ನು ವಾತವೆಂದಿದ್ದಳು. ಸಪಾಟು ನೆಲದ ಮೇಲೆ ಕಾಲು ಉಳುಕಿದರೆ ದೃಷ್ಟಿಯೆಂದಿದ್ದಳು. ಗಂಡ ತೀರಿ ಬಳೆ ಹೋದ ಮೇಲೆ ಆ ಕೈ ಹಿಡಿದು ನೋಡುವವರೇ ಇರಲಿಲ್ಲ. ಈಗ ಒಲೆಯ ಮುಂದೆ ಒಬ್ಬಳೇ ಕೂತು ಹೆಬ್ಬೆರಳನ್ನು ಹಿಂದಕ್ಕೆ ಒತ್ತಿದಳು. ಐವತ್ತು ದಾಟಿದ ಬೆರಳು, ಮುಂಗೈ ಮುಟ್ಟಲು ಅರ್ಧ ಬೆರಳಷ್ಟು ಕಡಿಮೆ ಬಿತ್ತು. ರಾತ್ರಿ ಊಟಕ್ಕೆ ಬಂದ ಅಂಬಾರಾಯ ನೀರಿನ ಚರಿಗೆಗೆ ಕೈ ಚಾಚಿದಾಗ ಅವನ ಮೊಣಕೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದ್ದನ್ನು ಕಂಡಳು. ಮೂವತ್ತು ವರ್ಷ ಉಣಬಡಿಸಿದ್ದರೂ ಮಗನ ಕೈಯನ್ನು ಇಂದೇ ನೋಡಿದಂತಾಯಿತು.

ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ನಾಲವಾರದಿಂದ ಗಂಡು ಹುಟ್ಟಿದ ಸುದ್ದಿ ಬಂತು. ಅಂಬಾರಾಯ ಒಬ್ಬನೇ ಹೋಗಿ ಕೂಸಿನ ಮುಖ ನೋಡಿ ಬಂದ. ಮೂರು ತಿಂಗಳಾಯಿತು.

"ಕರ್ಕೊಂಡು ಬರ್ಲೇನವ್ವ?"

"ಮುಂದಿನ ಸ್ವಾಮಾರ ನೋಡಮ್."

ಹೀಗೆ ನಾಲ್ಕು ಸೋಮವಾರ ಹೋದವು. ಹುಡುಗಿಯ ಕಸರತ್ತು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಉಸುಕಿನ ಚೀಲವನ್ನು ಮಾಳಮ್ಮ ತಾನೇ ಹೊಲಿದಿದ್ದಳು. ಭುಜ ಆಮೇಲೆ ಜಾರಿರಲಿಲ್ಲ. ಒಂದು ಸಂಜೆ ಕಾಲು ಎತ್ತುತ್ತಿದ್ದ ಸಾಬಮ್ಮ ನಡುವೆ ನಿಲ್ಲಿಸಿ ಕೇಳಿದಳು.

"ಆಯಿ, ನನ್ನ ಕೈ ಸಲುವಾಗಿ ಅವ್ವಗ ಕರಿಸವಲ್ಲಿ ಏನು?"

"ಯಾರು ಹೇಳಿದ್ರು?"

"ಯಾರೂ ಇಲ್ಲ. ನಾ ಇನ್ನ ಬಟ್ಟು ಬಗ್ಸಲ್ಲ. ಬೆಲ್ಲ ಕೊಟ್ರೂ ಬಗ್ಸಲ್ಲ."

ಮಾಳಮ್ಮ ಚೀಲದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. "ನಾಳಿ ಮುಂಜಾನಿ ಲಗೂ ಏಳು," ಅಂದಳು. "ನಾಲವಾರಕ್ಕ ಹೋಗಮ್."

ನಾಲವಾರದಲ್ಲಿ ಬೀಗಿತ್ತಿ ಕಾಲಿಗೆ ನೀರು ಕೊಟ್ಟಳು. ಇಷ್ಟು ತಡವೇಕೆಂದು ಕೇಳಲಿಲ್ಲ. ದ್ರೌಪದಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಎದುರಿಗೆ ಕೂತಳು. ಮಾಳಮ್ಮ ಮುಷ್ಟಿ ಕಟ್ಟಿದ ಎಳೆಯ ಬೆರಳುಗಳನ್ನು ನೋಡಿದಳು. ಬಗ್ಗಿಸಿ ನೋಡುವ ಆಸೆಯಾಯಿತು. ಬಗ್ಗಿಸಲಿಲ್ಲ.

"ಕರೀಲಿಕ್ಕ ಬಂದೀನಿ," ಅಂದಳು.

ದ್ರೌಪದಿ ಕೇಳಿದಳು, "ಡಾಕ್ಟರ್ ಬರ್ಕೊಂಡಾರಂತಲ್ರಿ, ನಮ್ಮ ಕಡಿಯಿಂದ ಬಂದದ್ದು ಅಂತ. ಅದು ಹಂಗೇ ಇರ್ತದೇನ್ರಿ?"

ಬೀಗಿತ್ತಿ ಮಗಳ ಕಡೆ ಕಣ್ಣು ಬಿಟ್ಟಳು. ಮಾಳಮ್ಮ ಕೂಸಿನ ಅರಿವೆ ಸರಿಪಡಿಸಿದಳು.

"ವಾಡ್ಯಾಗ ಗಾಡಿ ಬದಲಿ ಮಾಡೋದದಲ್ಲ. ಇಳದು ಹೋಗಮ್," ಅಂದಳು.

ವಾಡಿಯ ದವಾಖಾನೆಯಲ್ಲಿ ಡಾಕ್ಟರ್ ಸಾಬಮ್ಮನ ತೋಳು ಒತ್ತಿ ನೋಡಿ ತಲೆದೂಗಿದರು. ಹಳೆಯ ಕಾಗದ ಹುಡುಕಿ ತೆಗೆದರು.

"ಅದರಾಗ ಒಂದು ತಪ್ಪದ ನೋಡ್ರಿ," ಎಂದು ಮಾಳಮ್ಮ ಸೆರಗಿನಿಂದ ಕೈ ಹೊರತೆಗೆದು ಮೇಜಿನ ಮೇಲಿಟ್ಟಳು. "ನಾ ಹೇಳಿದ್ದು ತಪ್ಪು. ನನ್ನಿಂದ ಬಂದದ. ಮಗನ ಕೈಯಾಗೂ ಅದ. ಈಕಿ ಕಡಿಯಿಂದ ಅಲ್ಲ. ತಿದ್ದ್ರಿ."

ಡಾಕ್ಟರ್ ಅವಳ ಕೈ ಹಿಡಿದು ಬೆರಳು, ಮೊಣಕೈ, ಭುಜ ನೋಡಿದರು. ಹದಿನೆಂಟು ವರ್ಷದಲ್ಲಿ ಆ ಕೈಯನ್ನು ಬೇರೆಯವರು ಹಿಡಿದದ್ದು ಅದೇ ಮೊದಲು. ಬರೆದದ್ದನ್ನು ಅಡ್ಡ ಹೊಡೆದು ಮೇಲೆ ಬೇರೆ ಬರೆದರು. ದ್ರೌಪದಿ ಅದು ಮುಗಿಯುವವರೆಗೂ ಪೆನ್ನನ್ನೇ ನೋಡಿದಳು.

"ಮೊಣಕಾಲು ನೋಯ್ತಾವೇನು?" ಎಂದು ಡಾಕ್ಟರ್ ಕೇಳಿದರು.

"ಮೂವತ್ತು ವರ್ಷಾತು."

"ನೀವೂ ಚೀಲ ಕಟ್ಟ್ರಿ. ಮೊಮ್ಮಗಳ ಜೋಡಿ ಕುಂತು ಕಾಲು ಎತ್ತ್ರಿ."

"ಈ ವಯಸ್ಸಿನಾಗ?"

"ನಾ ಕಲಿಸ್ತೀನಿ ಆಯಿ," ಎಂದಳು ಸಾಬಮ್ಮ.

ಕುರಕುಂಟಾದಲ್ಲಿ ಪ್ಲಾಟ್‌ಫಾರ್ಮು ತಗ್ಗು. ಕೂಸನ್ನು ಎತ್ತಿಕೊಂಡು ದ್ರೌಪದಿ ಮೊದಲು ಇಳಿದಳು, ಹುಡುಗಿ ಹಿಂದಿನಿಂದ ಇಳಿದಳು. ಮಾಳಮ್ಮ ಕೊನೆಯ ಮೆಟ್ಟಿಲ ಮೇಲೆ ನಿಂತು ನೆಲ ನೋಡಿದಳು. ಪ್ರತಿ ಸಲವೂ ಅವಳು ಕಂಬಿ ಹಿಡಿದು, ಕೀಲು ಕಳಚಿದ ಹಾಗಾದರೂ ಹಲ್ಲು ಕಚ್ಚಿ, ಒಬ್ಬಳೇ ಇಳಿಯುತ್ತಿದ್ದಳು.

"ದ್ರೌಪದಿ, ಆ ಕೊರಡು ಕೈ ಇತ್ತ ಕೊಡು."

ದ್ರೌಪದಿ ಕೂಸನ್ನು ಎಡಕ್ಕೆ ಸರಿಸಿಕೊಂಡು ಬಲಗೈ ಚಾಚಿದಳು.

"ಜಗ್ಗಬ್ಯಾಡ," ಅಂದಳು ಮಾಳಮ್ಮ. "ಸುಮ್ನ ಹಿಡಿ."

"ಗೊತ್ತದ್ರಿ ಅತ್ತಿ," ಅಂದಳು ದ್ರೌಪದಿ. ಅವಳ ಕೈ ಅಲುಗಲಿಲ್ಲ. ಮಾಳಮ್ಮ ಅದರ ಮೇಲೆ ಭಾರ ಬಿಟ್ಟು ಇಳಿದಳು.