ಅಕ್ಕಡಿ ಸಾಲಿನ ಅವರೆ

ಏಳು ಸಮುದ್ರದಾಚೆಯ ರಾಜಕುಮಾರನ ಕಥೆ ಅಜ್ಜಿ ಹೇಳಿದಾಗಲೆಲ್ಲ ಅವನು ಕುದುರೆಯ ಮೇಲೇ ಬರುತ್ತಾನೆಂದು ನಂಬಿದ್ದೆ. ತದೆಸ್ಸೆ ಬಂದದ್ದು ಇಥಿಯೋಪಿಯಾದಿಂದ, ಬಾಡಿಗೆ ಸೈಕಲ್ಲಿನಲ್ಲಿ.

೧೯೭೮ನೇ ಇಸವಿ. ಹೆಬ್ಬಾಳದ ಹತ್ತಿರದ ಕೃಷಿ ಕಾಲೇಜಿನ ಕಚೇರಿಯಲ್ಲಿ ನಾನು ಟೈಪಿಸ್ಟ್. ಅಜ್ಜಿ ಮುನಿವೆಂಕಟಮ್ಮ ಅಲ್ಲಿಯ ಪ್ರಯೋಗದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ತದೆಸ್ಸೆ ಎಂಎಸ್ಸಿಗಾಗಿ ಅದೇ ಹೊಲದಲ್ಲಿ ರಾಗಿ ಬಿತ್ತಿದ್ದ.

ಆ ಆಗಸ್ಟಿನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಒಂದು ಫಾರಂ ಹಂಚಿದರು. ಕಾಲೇಜು ನಿಮಗೆ ತೃಪ್ತಿ ತಂದಿದೆಯೆ? ಪಾಠ, ಲೈಬ್ರರಿ, ಊಟ, ಎಲ್ಲಕ್ಕೂ ಐದರಲ್ಲಿ ಅಂಕ. ತದೆಸ್ಸೆ ಪಾಠಕ್ಕೆ ನಾಲ್ಕು ಕೊಟ್ಟಿದ್ದ, ಊಟಕ್ಕೆ ಒಂದು. ಫಾರಂ ಜೊತೆಗೇ ಒಂದು ಪತ್ರ ಟೈಪ್ ಮಾಡಲು ತಂದ: ಮುಂದಿನ ವರ್ಷಕ್ಕೆ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗ ಬೇಕಂತೆ.

"ಪಾಠ ಚೆನ್ನಾಗಿದೆ ಅಂತೀರಿ. ಮತ್ಯಾಕೆ ಹೋಗೋದು?" ಇಂಗ್ಲಿಷಿನಲ್ಲಿ ಕೇಳಿದೆ.

"ನನ್ನ ರಾಗಿ ಎಷ್ಟು ಇಂಚು ಬೆಳೀತು ಅಂತ ಎಲ್ರೂ ಕೇಳ್ತಾರೆ. ನನ್ನನ್ನ ಯಾರೂ ಏನೂ ಕೇಳಲ್ಲ."

ಬೇಕೆಂದೇ ತಪ್ಪು ಟೈಪ್ ಮಾಡಿ ಎರಡು ದಿನ ತಳ್ಳಿದೆ. ಮೂರನೆಯ ದಿನ ಪತ್ರ ಕೊಡಲೇಬೇಕಾಯಿತು. ಪ್ರೊಫೆಸರರ ಸಹಿಗೆಂದು ಹೊಲದ ದಾರಿಯಲ್ಲಿ ಹೊರಟವನು ಐದೇ ನಿಮಿಷಕ್ಕೆ ಓಡಿಬಂದ.

"ನನ್ನ ಹೊಲದಲ್ಲಿ ಯಾರೋ ಏನೋ ಬಿತ್ತಿದ್ದಾರೆ!"

ಹೋಗಿ ನೋಡಿದರೆ, ಅಳತೆ ಕೆಡಬಾರದೆಂದು ರಾಗಿಯ ನಡುವೆ ಖಾಲಿ ಬಿಟ್ಟಿದ್ದ ಪಟ್ಟಿಗಳಲ್ಲಿ ದಾರ ಹಿಡಿದಂತೆ ಅವರೆ ಮೊಳಕೆ. ಅಜ್ಜಿ ಬದುವಿನ ಮೇಲೆ ನಿಶ್ಚಿಂತೆಯಿಂದ ಬುತ್ತಿ ಬಿಚ್ಚುತ್ತಿದ್ದಳು.

"ಅಜ್ಜೀ, ನಿಂದೇನಾ ಈ ಕೆಲಸ?"

"ಊಂ ಕಣವ್ವ. ಅಕ್ಕಡಿ ಸಾಲಿಲ್ದೆ ರಾಗೀನ ಒಂಟಿ ಬಿಡ್ತಾರಾ ಯಾರಾದ್ರೂ? ಜೊತ್ಗೆ ಅವರೆನಾದ್ರೂ ಇರ್ಬೇಕು. ಪಾಪ, ಪರದೇಸದ ಮಗ, ಯೋಳ್ಕೊಡೋರು ಯಾರೂ ಇಲ್ಲ ಅಂತ ನಾನೇ ಆಕ್ದೆ."

ಅನುವಾದಿಸಿದೆ. ತದೆಸ್ಸೆಯ ಮುಖ ಬಿಗಿದೇ ಇತ್ತು. ಅಜ್ಜಿಗೆ ಅದರ ಪರಿವೆಯೇ ಇಲ್ಲ.

"ಕೇಳೇ ಅವನ್ನ. ಅವ್ರೂರ್ನಾಗೆ ರಾಗಿ ಜೊತ್ಗೆ ಏನಾಕ್ತಾರೆ? ಅವ್ರಮ್ಮ ಮುದ್ದೆ ಮಾಡ್ತಾಳಾ?"

ಅದನ್ನು ಕೇಳಿದ್ದೇ ಅವನು ಬದುವಿನ ಮೇಲೆ ಕೂತುಬಿಟ್ಟ. ತಮ್ಮಲ್ಲಿ ರಾಗಿಗೆ ದಗುಸ್ಸಾ ಅನ್ನುತ್ತಾರೆ, ಅಮ್ಮ ಅದರ ರೊಟ್ಟಿ ಸುಡುತ್ತಾಳೆ, ಹೊಗೆಗೆ ಕಣ್ಣು ಹೀಗೆ ಕಿರಿದು ಮಾಡುತ್ತಾಳೆ ಎಂದು ಮಾಡಿ ತೋರಿಸಿದ. ನಾನು ಅನುವಾದಿಸುವ ಮೊದಲೇ ಅಜ್ಜಿ ತಲೆದೂಗಿದಳು. ಮುದ್ದೆ ಮುರಿದು, ಉಪ್ಪುಸಾರಿನಲ್ಲಿ ಅದ್ದಿ, ಅವನ ಕೈಗಿಟ್ಟಳು. ಅವನು ಅಗಿಯತೊಡಗಿದ.

"ಅಯ್ಯೋ ತದೇಸಪ್ಪಾ, ಅಗೀಬ್ಯಾಡ ಕಣಪ್ಪ, ನುಂಗು!"

ನುಂಗಲು ಹೋಗಿ ಕೆಮ್ಮಿದ, ಕೆಮ್ಮುತ್ತ ನಕ್ಕ.

ಆದರೂ ಅವರೆ ಕೀಳಲೇಬೇಕಿತ್ತು. ಮೂವರೂ ಸೇರಿ ಸಂಜೆಯವರೆಗೆ ಕಿತ್ತೆವು. ಒಂದೊಂದು ಸಸಿಗೂ ಅಜ್ಜಿ, "ಒಟ್ಟೆ ಉರೀತದೆ," ಎನ್ನುತ್ತಿದ್ದಳು. ಕೊನೆಗೆ ತದೆಸ್ಸೆ ಕೇಳಿದ: "ಕಾಳು ಉಳಿದಿದೆಯಾ? ಮುಂದಿನ ಮುಂಗಾರಿಗೆ ಇಲ್ಲೇ ಅಕ್ಕಡಿ ಸಾಲಿನ ಪ್ರಯೋಗ ಮಾಡೋಣ ಅಂತ."

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಅವನು ಜೇಬಿನಿಂದ ಕಾಗದ ತೆಗೆದು ಪೊಟ್ಟಣ ಸುತ್ತಿದ.

"ರೀ, ಅದು ನಿಮ್ಮ ಪತ್ರ!"

"ಫಾರಮ್ಮೂ ವಾಪಸ್ ಕೊಡಿ. ಊಟದ ಅಂಕ ತಿದ್ದಬೇಕು."

"ಬಿಗಿಯಾಗಿ ಕಟ್ಟಪ್ಪ," ಅಂದಳು ಅಜ್ಜಿ, "ಉಳ ಬಿದ್ದಾತು."