ಒಂದು ಚೀಲ ಕಡಿಮೆ

ಪರಮೇಶಪ್ಪನನ್ನು ಸಾವಕಾರ ವೀರೇಂದ್ರ ಕೆಲಸದಿಂದ ತೆಗೆದಿರಲಿಲ್ಲ. ನಾಲ್ಕು ದಿನ ಮನೆಯಲ್ಲಿರು ಎಂದಿದ್ದ, ಅಷ್ಟೆ. ಆದರೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಆ ಮಾತಿಗೆ ಏನರ್ಥ ಎಂಬುದು ಹಮಾಲರಿಗೆಲ್ಲ ಗೊತ್ತಿತ್ತು.

ಸುದ್ದಿ ಶಿಲ್ಪಾಳನ್ನು ತಲುಪಿದ್ದು ಹಾವೇರಿಯ ಅವಳ ರಿಪೇರಿ ಅಂಗಡಿಯಲ್ಲಿ, ಒಂದು ಮೊಬೈಲಿನ ಬೆನ್ನು ಬಿಚ್ಚಿಕೊಂಡು ಕೂತಿದ್ದಾಗ. ಹಮಾಲರ ಗ್ಯಾಂಗಿನ ಮುಂದಾಳು ಶಹಬಾಜ ಫೋನ್ ಮಾಡಿದ್ದ. ಗೇಟಿನಲ್ಲಿ ಮೆಣಸಿನಕಾಯಿ ಚೀಲ ಇಳಿಸುವಾಗ ಸರಿಯಿದ್ದ ಲೆಕ್ಕ, ಒಳಗೆ ಒಂದರ ಮೇಲೊಂದು ನಿಟ್ಟು ಒಟ್ಟುವ ಹೊತ್ತಿಗೆ ಒಂದು ಕಡಿಮೆಯಾಗುತ್ತಿದೆ. ಒಬ್ಬ ರೈತನದ್ದಲ್ಲ, ಪ್ರತಿಯೊಬ್ಬ ರೈತನ ಮಾಲಿನಲ್ಲೂ ಒಂದು. ಒಳಗೆ ಎಣಿಸುವವನು ಪರಮೇಶಪ್ಪ ಒಬ್ಬನೇ. ದಾರಿಯಲ್ಲಿ ಚೀಲ ಎತ್ತ ಹೋಗುತ್ತದೆ ಎಂದು ಸಾವಕಾರರು ಕೇಳಿದರೆ ಅವನು ಗೋಡೆ ನೋಡುತ್ತ ನಿಂತಿದ್ದನಂತೆ. ಮಾರನೆಯ ಬೆಳಿಗ್ಗೆಯೇ ಗಂಟು ಕಟ್ಟಿಕೊಂಡು ಹೆಂಡತಿಯೊಂದಿಗೆ ತನ್ನೂರು ಐರಣಿಗೆ ಹೋಗಿಬಿಟ್ಟಿದ್ದ.

"ಅಕ್ಕಾರ, ನಿಮ್ಮ ಮಶೀನ್ ಹೇಳಿದ್ದನ್ನ ಸಾವಕಾರ್ರು ನಂಬ್ಯಾರ್ರಿ," ಎಂದ ಶಹಬಾಜ. "ನಾವು ಹೇಳಿದ್ದನ್ನ ನಂಬಾಂಗಿಲ್ಲ."

ಆ ಯಂತ್ರ ಶಿಲ್ಪಾ ಮಾಡಿದ್ದು. ಹಣೆಗೆ ಕಟ್ಟಿಕೊಳ್ಳುವ ಪಟ್ಟಿ. ಅದರಲ್ಲಿ ಒಂದು ಪುಟ್ಟ ಕಂಪ್ಯೂಟರು, ಒಂದು ಕ್ಯಾಮೆರಾ, ಬಲಗಣ್ಣಿನ ಮುಂದೆ ಉಗುರಿನಷ್ಟಗಲದ ಪರದೆ. ಕೈಗವಸಿನ ಮೇಲೆ ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಉಂಗುರ. ಟಿವಿಯ ರಿಮೋಟಿನಲ್ಲಿರುವಂಥ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಆ ಉಂಗುರಗಳಲ್ಲಿ. ನಮಗೆ ಕಾಣದಿದ್ದರೂ ಕ್ಯಾಮೆರಾಗೆ ಅವು ಕತ್ತಲೆಯಲ್ಲಿ ಎರಡು ಚುಕ್ಕಿಗಳು. ಎರಡು ಬೆರಳು ಕೂಡಿಸಿದರೆ ಒಂದು ಚೀಲ ಜಮೆ. ಬೆರಳಗಲಿಸಿ ಪಕ್ಕಕ್ಕೆ ಎಳೆದರೆ ಮುಂದಿನ ರೈತನ ಮಾಲು ಶುರು. ತಪ್ಪಾಯಿತೋ, ಕೈಯನ್ನು ಮುಖದ ಕಡೆ ಎಳೆದುಕೊಂಡರೆ ಕೊನೆಯ ಎಣಿಕೆ ಅಳಿಯುತ್ತದೆ.

ಇದು ಬೇಕಾದದ್ದಕ್ಕೆ ಕಾರಣವಿತ್ತು. ಆ ಚಳಿಯಲ್ಲಿ ಕೈಗವಸು ತೆಗೆದು ಮೊಬೈಲ್ ಒತ್ತಲಾಗದು. ತೆಗೆದರೂ ಬೆರಳಿನ ಖಾರ ಪರದೆಗೆ ಹತ್ತಿ, ಪರದೆಯಿಂದ ಕಣ್ಣಿಗೆ ಹತ್ತುತ್ತದೆ. ಬಾಯಲ್ಲಿ ಹೇಳಿ ಬರೆಸೋಣವೆಂದರೆ ಘಾಟಿಗೆ ಎರಡು ಮಾತಿಗೊಂದು ಕೆಮ್ಮು, ಮೇಲೆ ಕಂಪ್ರೆಸರಿನ ಗದ್ದಲ. ಶಿಲ್ಪಾ ಅಂಗಡಿಯ ಕೆಲಸ, ಮಗಳು ಕಾವ್ಯಾಳ ಶಾಲೆ, ಅಡುಗೆ ಎಲ್ಲದರ ಸಂದಿಯಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕುತ್ತ ಇದನ್ನು ರೂಪಿಸಿದ್ದಳು. ತಂದು ಕೊಡುವಾಗ ವೀರೇಂದ್ರನಿಗೆ ಹೆಮ್ಮೆಯಿಂದಲೇ ಹೇಳಿದ್ದಳು, ಮಶೀನಿಗೆ ಯಾರ ಮುಲಾಜೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ ಎಂದು.

ಈಗ ಬ್ಯಾಡಗಿಗೆ ಬಂದ ಅವಳಿಗೆ ಅದೇ ಮಾತನ್ನು ವೀರೇಂದ್ರ ತಿರುಗಿ ಹೇಳಿದ.

ಅವನು ಕೆಟ್ಟವನಲ್ಲ. ರೈತರು ನಂಬಿ ಇಟ್ಟುಹೋದ ಮಾಲು. ತೆಗೆಯುವ ದಿನ ಒಬ್ಬನಿಗೆ ಒಂದು ಚೀಲ ಕಡಿಮೆ ಬಂದರೂ ಸಂಜೆಯೊಳಗೆ ಪೇಟೆಯ ತುಂಬ ಸುದ್ದಿ. ನಿಟ್ಟು ಇಳಿಸಿ ಎಣಿಸಿ ನೋಡಿ ಎಂದಳು ಶಿಲ್ಪಾ. ಅವನು ಒಪ್ಪಲಿಲ್ಲ. ಚೀಲಗಳು ಸೂರಿನ ತನಕ ಹಿಂದುಮುಂದಾಗಿ ಒಟ್ಟಿಕೊಂಡಿವೆ, ಇಳಿಸಲು ಬಾಗಿಲು ತೆರೆದಿಡಬೇಕು, ಬಿಸಿಗಾಳಿ ಹೊಕ್ಕರೆ ಕಾಯಿ ಬೆವರಿ ಬಣ್ಣ ಕೆಡುತ್ತದೆ. ಬರೇ ಅನುಮಾನಕ್ಕೆ ಅಷ್ಟೆಲ್ಲ ಮಾಡಲಾಗದು ಎಂದ.

"ಮಶೀನ್ ತಪ್ಪೈತಿ ಅಂತ ತೋರಸ್ರಿ ಮೇಡಂ, ನೀವು ಹೇಳಿದ ನಿಟ್ಟು ಇಳಸತೇನಿ. ಶುಕ್ರವಾರದ ತನಾ ನೋಡತೇನಿ. ಆಮ್ಯಾಲ ಅಂವನ ಜಾಗಾಕ್ಕ ಬ್ಯಾರೇದಾಂವ ಬರತಾನ."

ಆ ದಿನವೇ ಶಿಲ್ಪಾ ಚಳಿಗೆ ತಲೆಯ ಮೇಲಿಂದ ಕುಂಚಿಗೆ ಹೊದ್ದು, ಪಟ್ಟಿ ಕಟ್ಟಿಕೊಂಡು, ಉಂಗುರ ತೊಟ್ಟು ಒಳಗೆ ನಿಂತಳು. ಹಮಾಲರು ಬೆನ್ನ ಮೇಲೆ ಚೀಲ ತಂದು ತಾವೇ ನಿಟ್ಟಿಗೆ ಸೇರಿಸುತ್ತಿದ್ದರು. ಅವಳು ಬೆರಳು ಕೂಡಿಸಿ ಎಣಿಸಿದಳು. ಹೆಣ್ಣುಮಗಳು ನಿಂತಿದ್ದಾಳೆಂದು ಮೊದಮೊದಲು ಮಾತು ತಗ್ಗಿಸಿದವರು ಸ್ವಲ್ಪ ಹೊತ್ತಿಗೆ ತಮ್ಮ ಚೇಷ್ಟೆಗೆ ಮರಳಿದರು. ಚೀಲದ ಜೊತೆ ನನ್ನನ್ನೂ ಎಣಿಸಿಬಿಟ್ಟೀರಿ ಅಕ್ಕಾರ, ಸಾವಕಾರ್ರು ನನ್ನನ್ನೂ ಇಲ್ಲೇ ಇಟ್ಟು ಬೀಗ ಹಾಕತಾರ ಎಂದನೊಬ್ಬ. ಅವಳಿಗೆ ನಗು ಬರಲಿಲ್ಲ. ಪರದೆಯ ಮೇಲೆ ಹಿಮ ಕೂರುತ್ತದೆಯೇ, ಚಳಿಗೆ ಬ್ಯಾಟರಿ ಸೋಲುತ್ತದೆಯೇ, ಗೋಡೆಯ ತಗಡು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆಯೇ, ಒಂದೊಂದನ್ನೇ ನೋಡಿದಳು. ಯಾವುದೂ ಇಲ್ಲ. ಸಂಜೆ ಗೇಟಿನ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ಕೂದಲೆಳೆಯ ಫರಕೂ ಇರಲಿಲ್ಲ.

ಅಲ್ಲಿ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಅವಳ ಕೈಯಲ್ಲಿ ಸರಿ, ಪರಮೇಶಪ್ಪನ ಕೈಯಲ್ಲಿ ಮಾತ್ರ ತಪ್ಪು. ಎರಡೂ ಲೆಕ್ಕ ನೋಡಿದ ವೀರೇಂದ್ರ ಪುಸ್ತಕ ಮುಚ್ಚಿದ. ಮನೆಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಒಂದು ಯೋಚನೆ ಅರ್ಧ ಬಂತು. ಅದನ್ನು ಪೂರ್ತಿಯಾಗಲು ಅವಳು ಬಿಡಲಿಲ್ಲ. ಅವನನ್ನೇ ನೋಡದೆ ಅವನ ಬಗ್ಗೆ ಏನನ್ನೂ ಅಂದುಕೊಳ್ಳುವುದಿಲ್ಲ ಎಂದು ಗಟ್ಟಿಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಮಗಳ ಜಡೆ ಹೆಣೆದು, ಡಬ್ಬಿ ಕಟ್ಟಿ, ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯ ಬಿಸ್ಮಿಲ್ಲಾಬಿಯ ಹತ್ತಿರ ಇರು ಎಂದು ಹೇಳಿ, ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು ಐರಣಿಗೆ.

ಪರಮೇಶಪ್ಪ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅವಳನ್ನು ನೋಡಿ ಏಳಲಿಲ್ಲ, ಬಾ ಎನ್ನಲಿಲ್ಲ. ಅವನ ಹೆಂಡತಿ ಗುಡ್ಡವ್ವ ಮಾತ್ರ ಒಂದು ತಂಬಿಗೆ ನೀರು ತಂದಿಟ್ಟಳು. ಬಿಸಿಲಲ್ಲಿ ಬಂದವರಿಗೆ ನೀರು ಕೊಡದೆ ಬೈಯುವ ರೂಢಿ ತನಗಿಲ್ಲ ಎಂಬಂತೆ. ಶಿಲ್ಪಾ ಕುಡಿದು, ಬಂದ ಕೆಲಸ ಹೇಳಿದಳು. ಇನ್ನೊಮ್ಮೆ ಪಟ್ಟಿ ಕಟ್ಟಿಕೊಂಡು, ಅಲ್ಲಿ ಮಾಡುವಂತೆಯೇ ಕೆಲಸ ಮಾಡಿ ತೋರಿಸಬೇಕು, ಅಷ್ಟೆ.

"ನಾ ಇನ್ನ ಅದನ್ನ ಮುಟ್ಟಂಗಿಲ್ಲ ತಂಗಿ," ಎಂದ ಅವನು, ಹಗ್ಗದಿಂದ ಕಣ್ಣು ಕೀಳದೆ. "ಇಷ್ಟ ವರ್ಷ ಬಾಯ್ಲೆ ಎಣಿಸೇನಿ. ಯಾರೂ ಕಳ್ಳ ಅಂದಿದ್ದಿಲ್ಲ."

"ನಾನೂ ಅಂದಿಲ್ರಿ ಕಾಕಾ."

"ನೀ ಅಂದಿಲ್ಲ. ನಿನ್ನ ಮಶೀನ್ ಅಂದೈತಿ."

ಶಿಲ್ಪಾ ಎದ್ದು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತೇ ಇದ್ದಳು. ಅವನು ಹೊಸೆದ, ಅವಳು ಕೂತಳು. ಬಿಸಿಲು ಕಟ್ಟೆಯ ತನಕ ಬಂತು. ಕಡೆಗೆ ಗುಡ್ಡವ್ವನೇ ಸೋತಳು.

"ಕಟಗೋರಿ ಒಂದಸಲ. ಇಕಿ ಎದ್ದು ಹೋಗೂ ಪೈಕಿ ಕಾಣಂಗಿಲ್ಲ. ಮಧ್ಯಾಹ್ನಕ್ಕ ರೊಟ್ಟಿನೂ ನಾನ ಹಾಕಬೇಕಾಕ್ಕೈತಿ."

ಅಂಗಳದಲ್ಲಿ ಆಗುವಂತಿರಲಿಲ್ಲ. ಬಿಸಿಲಿನಲ್ಲೂ ಅದೇ ಕಾಣದ ಬೆಳಕು ತುಂಬಿರುವುದರಿಂದ ಉಂಗುರದ ಚುಕ್ಕಿಗಳು ಅದರಲ್ಲಿ ಮುಳುಗಿಹೋಗುತ್ತವೆ. ಕತ್ತಲೆಯ ಜಾಗ ಬೇಕು ಎಂದಳು. ದನದ ಕೊಟ್ಟಿಗೆಯ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು, ಎಮ್ಮೆಯನ್ನು ಆಚೆ ಕಟ್ಟಿ, ಮೆಕ್ಕೆಜೋಳದ ಮೂರು ಚೀಲ ತಂದಿಟ್ಟರು. ನಮ್ಮೆಮ್ಮಿಗೂ ಎ.ಸಿ. ಹಾಕಿಸಿ ಕೊಟ್ಟು ಹೋಗು ಎಂದು ಗುಡ್ಡವ್ವ ಗೊಣಗಿದಳು. ಶಿಲ್ಪಾ ಪಟ್ಟಿಯ ಪರದೆಯಲ್ಲಿ ಕಾಣುವುದೆಲ್ಲ ತನ್ನ ಮೊಬೈಲಿನಲ್ಲೂ ಕಾಣುವಂತೆ ಮಾಡಿಕೊಂಡು ಮೂಲೆಯಲ್ಲಿ ನಿಂತಳು. ಏನು ಮಾಡಬೇಕು, ಏನು ಮಾಡಬಾರದು ಎಂದು ಒಂದು ಮಾತೂ ಹೇಳಲಿಲ್ಲ.

ಪರಮೇಶಪ್ಪ ಮೊದಲ ಚೀಲವನ್ನು ಎದೆಗಾನಿಸಿ ಎತ್ತಿ, ಗೋಡೆಗೆ ಹೊಂದಿಸಿ ಇಟ್ಟ. ಬೆರಳು ಕೂಡಿಸಿದ. ಮೊಬೈಲಿನಲ್ಲಿ ಒಂದು ಎಂದು ಬಂತು. ಆಮೇಲೆ ಅವನು ಬಾಗಿ ಚೀಲವನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ತಾಗಿಸದೆ ಕಣ್ಣಿನ ಹತ್ತಿರಕ್ಕೆ ತಂದು ನಮಸ್ಕಾರ ಮಾಡಿದ. ಒಂದು ಹೋಗಿ ಸೊನ್ನೆಯಾಯಿತು.

ಎರಡನೆಯ ಚೀಲ ಇಟ್ಟ, ಒಂದು. ಮೂರನೆಯದು, ಎರಡು. ನಮಸ್ಕಾರ ಮಾಡಿದ್ದು ಮೊದಲನೆಯದನ್ನು ಮುಟ್ಟಿದಾಗ ಮಾತ್ರ.

ಶಿಲ್ಪಾ ಇನ್ನೊಮ್ಮೆ ಮಾಡಿಸಿದಳು. ಮತ್ತೂ ಹಾಗೆಯೇ. ಅವಳಿಗೆ ತನ್ನ ಕೈಯೇ ನೆನಪಿಗೆ ಬಂತು: ಅಂಗಡಿಯ ಮೇಜಿನ ಮುಂದೆ ಕೂತು, ತಪ್ಪನ್ನು ಹಿಂದಕ್ಕೆ ತೆಗೆದುಕೊಂಡಂತೆ ಕೈಯನ್ನು ಮುಖದ ಕಡೆ ಎಳೆದುಕೊಂಡು, ಇದು ಸಲೀಸಾಗಿದೆ ಎಂದುಕೊಂಡ ದಿನ. ಹೊಸ ಮಾಲು ಬಂದಾಗ ಮೊದಲ ಚೀಲ ಮುಟ್ಟಿ ನಮಸ್ಕರಿಸುವುದು ಅವಳು ಕಾಣದ್ದೇನಲ್ಲ. ಅವಳ ತಂದೆ ಕಣದಲ್ಲಿ ರಾಶಿಗೆ ಹಾಗೇ ಮಾಡುತ್ತಿದ್ದ. ಅಂಗಡಿ ತೆರೆದ ಕೂಡಲೇ ಅವಳೂ ಹೊಸ್ತಿಲಿಗೆ ಹಾಗೇ ಮಾಡುತ್ತಾಳೆ. ಎಷ್ಟು ಕಂಡದ್ದೆಂದರೆ, ಅದನ್ನು ಒಂದು ಸನ್ನೆ ಎಂದು ಎಣಿಸುವುದೇ ಅವಳಿಗೆ ಹೊಳೆದಿರಲಿಲ್ಲ.

ಎಲ್ಲ ಚೀಲಕ್ಕೂ ಯಾಕೆ ನಮಸ್ಕಾರ ಮಾಡುವುದಿಲ್ಲ ಎಂದು ಕೇಳಿದಳು. ಮೊದಲನೆಯದು ಲಕ್ಷ್ಮಿ, ಅದಕ್ಕೆ ಮಾಡಿದರೆ ಎಲ್ಲದಕ್ಕೂ ಮಾಡಿದ ಹಾಗೆ ಎಂದ ಅವನು. ಪರದೆ ನೋಡುತ್ತಿರಲಿಲ್ಲವೇ ಎಂದರೆ, ಕಣ್ಣು ಮುಚ್ಚಿ ನಮಸ್ಕಾರ ಮಾಡುವಾಗ ಪರದೆ ಯಾರು ನೋಡತಾರ ಎಂದ. ಅವಳು ಮೊಬೈಲನ್ನು ಅವನ ಮುಂದೆ ಹಿಡಿದು ಸೊನ್ನೆಯಾದದ್ದನ್ನು ತೋರಿಸಿದಳು. ಅವನು ತುಸು ಹೊತ್ತು ನೋಡಿದ. ಸಿಟ್ಟು ಬರಲಿಲ್ಲ, ಭುಜ ಮಾತ್ರ ಕೆಳಗಿಳಿದವು, ಬೆನ್ನ ಮೇಲಿಂದ ಏನೋ ಇಳಿಸಿದಂತೆ.

"ಹಂಗಾರ ನಮಸ್ಕಾರ ಮಾಡೂದ ಬಿಡ್ಲೇನು?"

"ಬ್ಯಾಡ್ರಿ ಕಾಕಾ. ಕಲೀಬೇಕಾದದ್ದು ಅದು, ನೀವಲ್ಲ."

"ಅದಕ್ಕ ಕಲಸಿದಾಕಿ?" ಎಂದಳು ಗುಡ್ಡವ್ವ ಗೋಣಿತಟ್ಟಿನ ಆಚೆಯಿಂದ.

"ಆಕಿನೂ," ಎಂದಳು ಶಿಲ್ಪಾ.

ರೊಟ್ಟಿ ತಿಂದೇ ಹೊರಟಳು. ಪರಮೇಶಪ್ಪ ಜೊತೆಗೆ ಬರಲು ಒಪ್ಪಿದ್ದ. ಬಾಗಿಲ ತನಕ ಬಂದ ಗುಡ್ಡವ್ವ, ಕರೆದುಕೊಂಡು ಹೋಗುವುದು ದೊಡ್ಡದಲ್ಲ, ಮತ್ತ ಕಳ್ಳ ಅನಸ್ಕೊಂಡು ಬರೂಹಂಗ ಮಾಡಬ್ಯಾಡ ಎಂದಳು. ಬಸ್ಸಿನಲ್ಲಿ ಶಿಲ್ಪಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಅಂಗೈಯಿಂದ ಹಿಡಿದುಕೊಂಡು, ಅಳಿಸುವ ಸನ್ನೆಯನ್ನು ಕಿತ್ತುಹಾಕಿದಳು. ಅದರ ಜಾಗಕ್ಕೆ, ಇಲ್ಲ ಎನ್ನುವಾಗ ಇಲ್ಲಿಯ ಜನ ಬೆರಳಗಲಿಸಿ ಮಣಿಕಟ್ಟು ತಿರುವುತ್ತಾರಲ್ಲ, ಅದನ್ನು ಇಟ್ಟಳು.

ಬ್ಯಾಡಗಿಯಲ್ಲಿ ವೀರೇಂದ್ರ ಎರಡನ್ನೂ ನೋಡಿದ: ಮೊದಲಿದ್ದ ಹಾಗೆ ನಮಸ್ಕಾರಕ್ಕೆ ಎಣಿಕೆ ಅಳಿಯುವುದನ್ನು, ಬದಲಿಸಿದ ಮೇಲೆ ಅದೇ ನಮಸ್ಕಾರಕ್ಕೆ ಉಳಿಯುವುದನ್ನು. ನೋಡಿ ತಲೆ ಕೆರೆದುಕೊಂಡ. ಮಶೀನ್ ತಪ್ಪಿರಬಹುದು, ಆದರೆ ಅದರಿಂದ ಚೀಲ ಒಳಗಿವೆ ಎಂದು ಆಗುವುದಿಲ್ಲವಲ್ಲ ಎಂದ. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಮಾತು ಎಳೆಯತೊಡಗಿದ.

ಶಿಲ್ಪಾ ಕುರ್ಚಿಯಿಂದ ಏಳಲಿಲ್ಲ. "ಮಶೀನ್ ತಪ್ಪೈತಿ ಅಂತ ತೋರಸ್ರಿ ಅಂದ್ರಿ, ತೋರಿಸೇನಿ. ನಿಟ್ಟು ಇಳಸತೇನಿ ಅಂದೀರಿ, ಇಳಸ್ರಿ ಅಣ್ಣಾರ. ಯಾವ ನಿಟ್ಟು ಅನ್ನೂದನ್ನ ನೀವ ಆರಿಸ್ರಿ. ನಾ ಆರಿಸಿದ್ರ ಅದಕ್ಕೂ ಅನುಮಾನ ಬಂದೀತು."

ಅವನು ಆರಿಸಿದ್ದು ಎಲ್ಲಕ್ಕಿಂತ ಹಿಂದಿನ, ಗೋಡೆಗೆ ಹತ್ತಿದ ಒಬ್ಬ ರೈತನ ನಿಟ್ಟು. ಶಹಬಾಜ ತನ್ನ ಗ್ಯಾಂಗಿನವರನ್ನು ಕೂಗಿದ. ಕೂಲಿಯ ಮಾತೆತ್ತದೆ ಎಲ್ಲರೂ ಬಂದರು. ಅಡ್ಡವಿದ್ದ ಚೀಲಗಳನ್ನು ಸರಿಸಿ ದಾರಿ ಮಾಡಿ ಒಳಗೆ ಹೊಕ್ಕರು. ಪರಮೇಶಪ್ಪ ಮಾತ್ರ ಬಾಗಿಲ ಹೊರಗೇ ನಿಂತ. ಕರೆದರೂ ಬರಲಿಲ್ಲ. ನಾ ಒಳಗೆ ಬಂದರೆ ಏನಾದರೂ ಮಾಡಿದೆ ಅಂತೀರಿ ಎಂದ. ಒಂದೊಂದೇ ಚೀಲ ಅವನ ಮುಂದೆ ಹೊರಬಂತು. ಶಹಬಾಜ ಕೆಮ್ಮುತ್ತ ಗಟ್ಟಿಯಾಗಿ ಎಣಿಸಿದ. ವೀರೇಂದ್ರ ತುಟಿಯಲ್ಲೇ ಎಣಿಸಿದ. ಶಿಲ್ಪಾ ಎಣಿಸಲಿಲ್ಲ, ಗೋಡೆಗೆ ಒರಗಿ ಪರಮೇಶಪ್ಪನ ಕಾಲುಗಳನ್ನು ನೋಡುತ್ತಿದ್ದಳು. ಅವು ಅಲುಗಲಿಲ್ಲ.

ಮಶೀನು ಹೇಳಿದ ಲೆಕ್ಕ ಮುಗಿಯಿತು. ಒಳಗಿನಿಂದ ಯಾರೂ ಬರಲಿಲ್ಲ. ಕಂಪ್ರೆಸರಿನ ಸದ್ದೊಂದೇ. ವೀರೇಂದ್ರ ಶಿಲ್ಪಾಳತ್ತ ತಿರುಗುತ್ತಿದ್ದ ಹಾಗೇ ಗೋಡೆಯ ಮೂಲೆಯಿಂದ ಒಬ್ಬ ಹಮಾಲ, ಹಿಡ್ಯಾಕ ಇದರ ಕಿವಿ ಸಿಗವಲ್ದು ಎಂದು ಬೈಯುತ್ತ, ತಳದಲ್ಲಿ ಕೂತುಹೋಗಿದ್ದ ಚೀಲವನ್ನು ಎಳೆದು ತಂದ. ಮೊದಲು ಇಟ್ಟದ್ದು, ಎಲ್ಲಕ್ಕಿಂತ ಕೆಳಗಿದ್ದದ್ದು. ಗೇಟಿನ ಲೆಕ್ಕ ಕೂಡಿತು.

ವೀರೇಂದ್ರ ಚೀಲಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿಕೊಂಡು ಬಂದ. ಆಮೇಲೆ ಬಾಗಿಲ ಹತ್ತಿರ ಹೋಗಿ ದನಿ ತಗ್ಗಿಸಿ, "ಬಾರಪಾ ಪರಮೇಶಪ್ಪ, ಆಫೀಸಿನ್ಯಾಗ ಕುಂದ್ರೂಣು. ಚಾ ತರಸತೇನಿ," ಎಂದ.

"ಚಾ ಆಮ್ಯಾಲ ಕುಡಿಯೂಣ್ರಿ ಸಾವಕಾರ್ರ. ಚೀಲ ಕಡಿಮಿ ಅದಾವು ಅಂತ ಇವರ ಮುಂದನ ಅಂದಿದ್ರಿ. ಅದಾವೋ ಇಲ್ಲೋ, ಇವರ ಮುಂದನ ಹೇಳ್ರಿ."

ವೀರೇಂದ್ರ ಏನೋ ಅಂದ. ಕಂಪ್ರೆಸರಿನ ಗದ್ದಲದಲ್ಲಿ ಹಿಂದಿದ್ದವರಿಗೆ ಅದು ಮುಟ್ಟಲಿಲ್ಲ. ಪರಮೇಶಪ್ಪ ನಿಂತ ಜಾಗ ಬಿಡಲಿಲ್ಲ. ವೀರೇಂದ್ರ ಹಮಾಲರ ಕಡೆ ತಿರುಗಿದ.

"ಎಲ್ಲಾ ಅದಾವು," ಎಂದ ಗಟ್ಟಿಯಾಗಿ. "ಒಂದೂ ಕಡಿಮಿ ಇಲ್ಲ. ನಂದ ತಪ್ಪಾತು."

ಶಹಬಾಜ ಚೀಲವೊಂದನ್ನು ಬೆನ್ನಿಗೇರಿಸಿಕೊಂಡು, ಇನ್ನ ಒಟ್ಟೋಣಲ್ಲ ಎಂದ. ಪರಮೇಶಪ್ಪ ಕುಂಚಿಗೆ ಹೊದ್ದು ಕೈಗವಸು ತೊಟ್ಟ. ಶಿಲ್ಪಾ ಪಟ್ಟಿಯನ್ನೂ ಉಂಗುರಗಳನ್ನೂ ಮುಂದೆ ಹಿಡಿದಳು. ಅವನು ಅವುಗಳನ್ನು ನೋಡಿದ, ಅವಳ ಮುಖವನ್ನೂ ನೋಡಿದ.

"ಇವತ್ತ ಬ್ಯಾಡ ತಂಗಿ. ಇವತ್ತ ಬಾಯ್ಲೆ ಎಣಸತೇನಿ. ನಾಳೆ ಕಟಗೋತೇನಿ."

ಆಗಲಿ ಎಂದಳು. ಅವನು ಒಳಗೆ ಹೋದ ಮೇಲೆ ಬಿಸ್ಮಿಲ್ಲಾಬಿಗೆ ಫೋನ್ ಮಾಡಿ, ಬರುವುದು ಇನ್ನೂ ಸ್ವಲ್ಪ ತಡ, ಕಾವ್ಯಾಗೆ ಏನಾದರೂ ತಿನ್ನಲು ಕೊಡಿ ಎಂದು ಕೇಳಿಕೊಂಡಳು. ಗೇಟಿನ ಪಕ್ಕದ ನೆರಳಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಸನ್ನೆ ಬದಲಿಸಿದ್ದು ಸಾಲದು. ಯಾರದೇ ಎಣಿಕೆಯನ್ನು ಅಳಿಸುವ ಮೊದಲು ಯಂತ್ರ ಅವರನ್ನು ಒಮ್ಮೆ ಕೇಳಬೇಕು. ಅವರು ಹೌದೆಂದ ಮೇಲೆಯೇ ಅಳಿಸಬೇಕು. ನಾಳೆ ಅವನು ಕಟ್ಟಿಕೊಳ್ಳುವುದರೊಳಗೆ ಅದಿಷ್ಟು ಆಗಬೇಕಿತ್ತು.